ವೀಳ್ಯದೆಲೆ ಹಾಕಿದರೂ ತುಪ್ಪಕ್ಕೆ ಕಮಟು ವಾಸನೆ ಏಕೆ?

ಕೆನೆಮೊಸರು:
ಹದಿನೈದು ದಿನದ ಕೆನೆ ಕೂಡಿಸಿ, ಹೆಪ್ಪು ಹಾಕಿ ಕಡೆದರೆ 1 ಕೆಜಿಯಷ್ಟು ಬೆಣ್ಣೆ ಬರುತ್ತದೆ. ಕಾಯಿಸಿ ಒಲೆ ಆರಿಸಿದ ಮೇಲೆ ಒಂದು ವೀಳ್ಯದೆಲೆ ಹಾಕಿ, ಎಲೆ ಸಮೇತ ಗಾಜಿನ ಬಾಟಲಿಗೆ ತುಂಬುತ್ತೇವೆ. ಬಾಟಲಿ ಇಡುವುದು ಕಿಟಕಿ ಪಕ್ಕದ ಶೆಲ್ಫಿನಲ್ಲಿ. ಒಂದೂವರೆ ತಿಂಗಳಿಗೇ ಕಮಟು. ಎಲೆ ಹೆಚ್ಚಿಸಬೇಕೆ, ಅಥವಾ ಎಲೆಯ ಕಷಾಯ ಸೇರಿಸಬಹುದೆ? ನುಗ್ಗೆ, ಕರಿಬೇವು, ವೀಳ್ಯದೆಲೆಗಳಲ್ಲಿ ಯಾವುದು ಮೇಲು?

ಜಿಡ್ಡಿನ_ರಸಾಯನ:
ಎಲೆ ಸರಿಯಾದದ್ದೇ, ಹಾಕುವ ಹೊತ್ತು ತಪ್ಪಿದೆ. ಹಸಿ ಎಲೆಯ ತೂಕದಲ್ಲಿ ಬಹುಪಾಲು ನೀರು. ಒಲೆ ಆರಿಸಿದ ಮೇಲೆ ಹಾಕಿದರೆ ಆ ನೀರು ಪೂರ್ತಿ ಆರುವುದಿಲ್ಲ, ಎಲೆಯ ಸಾರವೂ ಜಿಡ್ಡಿಗೆ ಸರಿಯಾಗಿ ಇಳಿಯುವುದಿಲ್ಲ.

ಹೀಗೆ ಮಾಡಿ. 1 ಕೆಜಿ ಬೆಣ್ಣೆಗೆ 10 ಗ್ರಾಂ ಎಲೆ, ಅಂದರೆ ಎರಡು ಮೂರು ವೀಳ್ಯದೆಲೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ ಹರಿದಿಡಿ. ಬೆಣ್ಣೆ ಕರಗಿ ಚಟಪಟ ಸದ್ದು ಇಳಿಯತೊಡಗಿದಾಗ ಹಾಕಿ. ನೀರಿರುವ ತನಕ ಶಾಖ 100 ಡಿಗ್ರಿ ದಾಟಿ ಹೆಚ್ಚು ಏರುವುದಿಲ್ಲ. ನೀರು ಮುಗಿದೊಡನೆ ಸರ್ರನೆ ಏರುತ್ತದೆ. ಸಣ್ಣ ಗುಳ್ಳೆಯ ಎರಡನೇ ನೊರೆ ಎದ್ದು, ಗಸಿ ಹೊಂಬಣ್ಣಕ್ಕೆ ತಿರುಗಿ, ಎಲೆ ಗರಿಗರಿಯಾದಾಗ (115–120 ಡಿಗ್ರಿ) ಆರಿಸಿ. ಎಲೆ ಕಪ್ಪಾದರೆ ತುಪ್ಪ ಕಹಿ.

ಮುಖ್ಯವಾದ ಮಾತು: ಎಲೆಯನ್ನು ಸೋಸಿ ತೆಗೆಯಲೇಬೇಕು. ಎಲೆಯ ಹಸಿರು, ಅಂದರೆ ಕ್ಲೋರೊಫಿಲ್, ಬೆಳಕಿಗೆ ಸಿಕ್ಕಾಗ ಆಮ್ಲಜನಕವನ್ನು ಚುರುಕುಗೊಳಿಸಿ ಜಿಡ್ಡಿನ ಮೇಲೆ ಬಿಡುತ್ತದೆ. ಕತ್ತಲಲ್ಲಿ ತುಪ್ಪವನ್ನು ಕಾಪಾಡುವ ಎಲೆಯೇ ಕಿಟಕಿ ಬೆಳಕಿನಲ್ಲಿ ಅದನ್ನು ಕೆಡಿಸುತ್ತದೆ. ಸ್ಟೀಲ್ ಡಬ್ಬಿಗೆ ಕಂಠಮಟ್ಟ ತುಂಬಿ, ಕಪಾಟಿನೊಳಗೆ ಇಡಿ.

ಕಷಾಯ ಬೇಡ. ಅದು ನೀರನ್ನು ತಂದು ಸೇರಿಸುತ್ತದೆ. ಕುದಿಸಿ ಆರಿಸಿದರೂ ನೀರಿನಲ್ಲಿ ಕರಗಿದ್ದ ಸತ್ವದ ಹೆಚ್ಚಿನ ಪಾಲು ಗಸಿಗೇ ಅಂಟುತ್ತದೆ. ಇದೇ ಕಾರಣಕ್ಕೆ ವೀಳ್ಯದೆಲೆ, ಕರಿಬೇವು ನನ್ನ ಆಯ್ಕೆ: ಕಮಟು ತಡೆಯುವ ಸತ್ವಗಳಾದ ವೀಳ್ಯದೆಲೆಯ ಹೈಡ್ರಾಕ್ಸಿಚಾವಿಕಾಲ್, ಕರಿಬೇವಿನ ಕಾರ್ಬಜೋಲ್ ಆಲ್ಕಲಾಯ್ಡ್‌ಗಳು ಜಿಡ್ಡಿಗೆ ಇಳಿಯುತ್ತವೆ. ನುಗ್ಗೆಸೊಪ್ಪಿನ ಅಂಥದೇ ಸತ್ವಗಳಾದ ಕ್ವೆರ್ಸೆಟಿನ್ ಗ್ಲೈಕೊಸೈಡ್‌ಗಳಿಗೆ ನೀರೇ ಹೆಚ್ಚು ಒಗ್ಗುತ್ತದೆ. ಪರಿಮಳಕ್ಕೆ ನುಗ್ಗೆ ಧಾರಾಳವಾಗಿ ಹಾಕಿ.

ಡೈರಿ_ಲ್ಯಾಬ್:
ಮೊದಲು ವಾಸನೆ ಯಾವುದೆಂದು ಗುರುತಿಸಿ, ಏಕೆಂದರೆ ಕಾರಣ ಎರಡಿರಬಹುದು. ಹಳೆ ಪೇಂಟ್ ಅಥವಾ ರಟ್ಟಿನ ವಾಸನೆಯಾದರೆ ಗಾಳಿ, ಬೆಳಕಿನಿಂದಾದ ಆಕ್ಸಿಡೀಕರಣ, ಅಂದರೆ ಜಿಡ್ಡು ಆಮ್ಲಜನಕದೊಡನೆ ಸೇರಿ ಕೆಡುವುದು. ವಾಂತಿಯಂಥ ಹುಳಿ ನಾತವಾದರೆ ಕೊಬ್ಬು ಒಡೆದು ಬ್ಯುಟಿರಿಕ್ ಆಮ್ಲ ಹೊರಬಂದಿದೆ. ಇದು ಕೆನೆ ಹದಿನೈದು ದಿನ ಕೂಡಿಟ್ಟಾಗಲೇ ಶುರುವಾಗಿರುತ್ತದೆ. ಎರಡನೆಯದಕ್ಕೆ ಯಾವ ಎಲೆಯೂ ಮದ್ದಲ್ಲ. ಕೆನೆಯನ್ನು ಫ್ರೀಜರ್‌ನಲ್ಲಿ ಕೂಡಿಸಿ, ಕಡೆದ ಬೆಣ್ಣೆಯನ್ನು ಮಜ್ಜಿಗೆ ಬಿಳುಪು ಹೋಗುವ ತನಕ ತಣ್ಣೀರಲ್ಲಿ ತೊಳೆದು, ಅಂದೇ ಕಾಯಿಸಿ. ತುಪ್ಪದಲ್ಲಿ ನೀರಿನಂಶ 0.5% ಮೀರಬಾರದು.

ಹಳೆ ತುಪ್ಪದ ತಳಕ್ಕೆ ಹೊಸದನ್ನು ಸುರಿಯುವ ಅಭ್ಯಾಸವಿದ್ದರೆ ಬಿಡಿ. ಹಳತರಲ್ಲಿ ಆಕ್ಸಿಡೀಕರಣದಿಂದ ಹುಟ್ಟಿರುವ ಪೆರಾಕ್ಸೈಡುಗಳು ಹೊಸದಕ್ಕೂ ಬೇಗ ಕಮಟು ಹತ್ತಿಸುತ್ತವೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯೂ ಬೇಡ. ತಾಮ್ರದ ಅಂಶ ಅತಿ ಸ್ವಲ್ಪ ಸೇರಿದರೂ ಈ ಕ್ರಿಯೆ ಚುರುಕಾಗುತ್ತದೆ.

ಕೆನೆಮೊಸರು:
ರಟ್ಟಿನ ವಾಸನೆಯೇ. ತಲೆಗೂದಲಿಗೆ ಹಚ್ಚುವ ರೋಸ್ಮರಿ ಎಣ್ಣೆ ಒಂದೆರಡು ಹನಿ ಹಾಕಿದರೆ?

ಜಿಡ್ಡಿನ_ರಸಾಯನ:
ಖಂಡಿತ ಬೇಡ. ಅದು ಭಟ್ಟಿ ಇಳಿಸಿದ ಸುಗಂಧ ತೈಲ. ಜಿಡ್ಡು ಕೆಡದಂತೆ ಕಾಪಾಡುವ ರೋಸ್ಮರಿಯ ಕಾರ್ನೊಸಿಕ್ ಆಮ್ಲ ಆವಿಯಾಗದ್ದರಿಂದ ಭಟ್ಟಿಯಲ್ಲೇ ಉಳಿದುಬಿಡುತ್ತದೆ. ಆಹಾರಕ್ಕೆಂದೇ ಮಾರುವ, ಎಣ್ಣೆಯಲ್ಲಿ ಕರಗುವ ರೋಸ್ಮರಿ ಸಾರ ಬೇರೆ. ಪ್ರಮಾಣ ಲೇಬಲ್ ನೋಡಿ ಹಾಕಿ, ಕೆಜಿಗೆ 0.5 ಗ್ರಾಂ ಅಂದರೆ 500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 500 ಪಾಲು). ಚಮಚದ ಅಂದಾಜು ಸಾಲದು, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು. 60–70 ಡಿಗ್ರಿಯ ಒಂದು ಸೌಟು ತುಪ್ಪದಲ್ಲಿ ಕದಡಿ, ಆಮೇಲೆ ಉಳಿದದ್ದಕ್ಕೆ ಬೆರೆಸಬೇಕು. ಆದರೂ ಅದರ ಘಾಟು ತುಪ್ಪದಲ್ಲಿ ಎದ್ದು ಕಾಣುತ್ತದೆ. ಚಕ್ಕುಲಿ, ಕೋಡುಬಳೆ ಕರಿಯುವ ಎಣ್ಣೆಗೆ ಅದು ಹೊಂದುತ್ತದೆ, ತುಪ್ಪಕ್ಕೆ ವೀಳ್ಯದೆಲೆಯೇ ಚೆಂದ.

ಡೈರಿ_ಲ್ಯಾಬ್:
ಮುಂದಿನ ಸಲ ಬೆಣ್ಣೆಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಎಲೆ ಹಾಕಿ ಕಾಯಿಸಿ. ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ, ಒಂದೇ ಜಾಗ, ಮೇಲೆ ತಾರೀಖು. ವಾರಕ್ಕೊಮ್ಮೆ ಒಣ ಚಮಚದಲ್ಲಿ ತೆಗೆದು, ಬೆಚ್ಚಗೆ ಮಾಡಿ ಮೂಸಿ. ತಣ್ಣಗಿದ್ದಾಗ ಕಮಟು ಅಡಗಿರುತ್ತದೆ.