ಟಾರ್ಗೆಟ್ ಮುಗಿಯದಿದ್ದರೆ ಬೈಗುಳ, ಓಟಿ ದುಡ್ಡೂ ಇಲ್ಲ: ಏನು ಮಾಡಬಹುದು?

ಪ್ರಶ್ನೆ: ಮೇಡಂ, ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷದಿಂದ ಟೈಲರ್ ಆಗಿದ್ದೇನೆ. ಕಾಲರ್ ಕೂರಿಸುವ ಕೆಲಸ. ಗಂಟೆಗೆ 60 ಪೀಸ್ ಕೊಡಬೇಕು. ಲೈನಿನಲ್ಲಿ ಇಬ್ಬರು ರಜೆ ಹಾಕಿದರೂ ಬೋರ್ಡಿನ ಮೇಲಿನ ಟಾರ್ಗೆಟ್ ಇಳಿಯುವುದಿಲ್ಲ. ಕಮ್ಮಿಯಾದರೆ ಸೂಪರ್‌ವೈಸರ್ ಪೀಸ್ ಎಸೆದು, ಎಲ್ಲರೆದುರು ಬಾಯಿಗೆ ಬಂದಂತೆ ಬೈಯುತ್ತಾರೆ. ಟಾಯ್ಲೆಟ್‌ಗೆ ಎದ್ದು ಹೋಗಲು ಹೆದರಿ ನೀರೇ ಕುಡಿಯುವುದಿಲ್ಲ. ಸಂಜೆ ಕೆಲಸ ಮುಗಿಯಿತು ಅಂತ ಹಾಜರಿ ಪಂಚ್ ಮಾಡಿಸಿ ಮತ್ತೆ ಮಷಿನ್ ಮುಂದೆ ಕೂರಿಸುತ್ತಾರೆ, ಅದಕ್ಕೆ ಓಟಿ ಇಲ್ಲ. ಎಚ್‌ಆರ್‌ಗೆ ಹೇಳಿದರೆ 'ಅಡ್ಜಸ್ಟ್ ಮಾಡಿಕೊಳ್ಳಿ' ಅನ್ನುತ್ತಾರೆ. ಕೆಲಸ ಬಿಟ್ಟುಬಿಡಲಾ?

ಉತ್ತರ (ಹಿಂದೆ ಗಾರ್ಮೆಂಟ್ಸ್ ಎಚ್‌ಆರ್, ಈಗ ಕಾರ್ಮಿಕ ಕಾನೂನು ಸಲಹೆಗಾರರು): ಈಗಲೇ ಬಿಡಬೇಡಿ. ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಸಿಗುವುದು ಸತತ 5 ವರ್ಷ ತುಂಬಿದ ಮೇಲೆ. ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಟ್ಟರೆ ಅದೂ ಹೋಗುತ್ತದೆ.

ಟಾರ್ಗೆಟ್ ವಿಷಯ ಮೊದಲು ಹೇಳುತ್ತೇನೆ, ಬೈಗುಳ ಹುಟ್ಟುವುದೇ ಅಲ್ಲಿ. ಒಂದು ಕಾಲರ್‌ಗೆ ಒಂದು ನಿಮಿಷ ಅಂತ ಲೆಕ್ಕ ಹಾಕಿದ್ದರೆ, ಗಂಟೆಗೆ 60 ಅನ್ನುವುದು ನೂರಕ್ಕೆ ನೂರರ ಲೆಕ್ಕ. ದಾರ ತುಂಡಾಗಲ್ವಾ, ಸೂಜಿ ಮುರಿಯಲ್ವಾ, ಹಿಂದಿನ ಮಷಿನ್‌ನಿಂದ ಬಂಡಲ್ ಬರುವುದು ತಡ ಆಗಲ್ವಾ? ಇಬ್ಬರು ಇಲ್ಲದ ದಿನ ಲೈನ್ ಸರಿದೂಗಿಸಿ ಟಾರ್ಗೆಟ್ ಇಳಿಸುವುದು ಮ್ಯಾನೇಜ್‌ಮೆಂಟ್ ಕೆಲಸ. ಅದನ್ನು ಮಾಡದೆ ಸೂಪರ್‌ವೈಸರ್ ತಲೆಗೆ ಕಟ್ಟುತ್ತಾರೆ, ಅವರು ನಿಮ್ಮ ಮೇಲೆ ಹರಿಹಾಯುತ್ತಾರೆ. ಹಾಗಂತ ಪೀಸ್ ಎಸೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ದೂರಿನಲ್ಲಿ 'ಸೂಪರ್‌ವೈಸರ್ ಸರಿ ಇಲ್ಲ' ಅಂತ ಮಾತ್ರ ಬರೆದರೆ, ಅವರನ್ನು ಬೇರೆ ಲೈನಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆ ದಿನ ಎಷ್ಟು ಜನ ಬಂದಿದ್ದರು, ಬೋರ್ಡಿನಲ್ಲಿ ಎಷ್ಟಿತ್ತು, ಏನಂತ ಬೈದರು, ತಾರೀಕು ಸಮೇತ ಬರೆದಿಡಿ.

ನಿಗದಿಯಾದ ಗಂಟೆ ಮೀರಿ ದುಡಿದದ್ದು ಪಂಚ್ ಆದ ಮೇಲಿನದಾದರೂ ಓಟಿನೇ. ಮಾಮೂಲಿ ದರದ ಎರಡರಷ್ಟು ಕೊಡಬೇಕು. ಮಷಿನ್ ಬಿಟ್ಟೆದ್ದ ಹೊತ್ತನ್ನು ದಿನಾ ಗುರುತು ಹಾಕಿಕೊಳ್ಳಿ.

20 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು. ದೂರು ಅಲ್ಲಿಗೆ ಕೊಟ್ಟು, ನಕಲಿನ ಮೇಲೆ ದೂರು ತೆಗೆದುಕೊಂಡವರ ಸಹಿ, ಸೀಲು ಹಾಕಿಸಿಕೊಳ್ಳಿ.

ಮರುಪ್ರಶ್ನೆ: ದೂರಿಗೆ ಸಹಿ ಹಾಕಿದವರನ್ನೇ ಕೆಲಸದಿಂದ ತೆಗೆದರೆ ಮೇಡಂ? ಅರಸೀಕೆರೆ ಕಡೆಯ ಹಳ್ಳಿಗಳಿಂದ ಬರುವ ಹುಡುಗಿಯರು ತುಂಬಾ ಹೆದರುತ್ತಾರೆ.

ಉತ್ತರ: ಹೆದರಿಕೆ ನ್ಯಾಯವೇ. ಅದಕ್ಕೇ ಒಬ್ಬರೇ ಹೋಗಬೇಡಿ, ಆದಷ್ಟು ಇಡೀ ಲೈನ್ ಸಹಿ ಹಾಕಲಿ. ಅಷ್ಟೂ ಟೈಲರ್‌ಗಳನ್ನು ಒಂದೇ ಸಲ ತೆಗೆದರೆ ಶಿಪ್‌ಮೆಂಟ್ ನಿಲ್ಲುತ್ತದೆ ಅಂತ ಅವರಿಗೂ ಗೊತ್ತು. ಖಾಲಿ ಹಾಳೆಗೆ ಯಾವತ್ತೂ ಸಹಿ ಹಾಕಬೇಡಿ. ಸಮಿತಿಯಲ್ಲಿ ಬಗೆಹರಿಯದಿದ್ದರೆ ಆ ನಕಲು ಹಿಡಿದು ಹಾಸನದ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ. ನೀರು ಮಾತ್ರ ನಾಳೆಯಿಂದಲೇ ಕುಡಿಯಿರಿ. ಉರಿಮೂತ್ರ ಶುರುವಾಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ, ಅವರು ಬರೆದ ಚೀಟಿಯನ್ನೂ ದೂರಿನ ಜೊತೆ ಇಡಿ.