ಬಂಧನದ 24 ಗಂಟೆ ಯಾವಾಗ ಶುರುವಾಗುತ್ತೆ? ನಿವೃತ್ತ ಡಿವೈಎಸ್‌ಪಿ ಜೊತೆ ಪ್ರಶ್ನೋತ್ತರ

ಮಂಜು: ಸಾರ್, ಎಸ್‌ಐ ವಾಟ್ಸ್ಯಾಪಲ್ಲಿ ನೋಟಿಸ್ ಕಳಿಸಿದ್ದಾರೆ. ಹೋಗಲೇಬೇಕಾ?

ಡಿವೈಎಸ್‌ಪಿ: ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಕಲಂ 35ರಡಿ ‘ವಿಚಾರಣೆಗೆ ಬನ್ನಿ’ ಅನ್ನೋ ನೋಟಿಸ್ ವಾಟ್ಸ್ಯಾಪಲ್ಲಿ ಬಂದರೆ ಜಾರಿಯಾದ ಲೆಕ್ಕವಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಂತ ಸುಮ್ಮನಿರಬೇಡಿ, ವಕೀಲರ ಮೂಲಕ ಲಿಖಿತ ಉತ್ತರ ಕೊಡಿ.

ಲತಾ: ನಿನ್ನೆ ಸಂಜೆ 6ಕ್ಕೆ ನನ್ನ ತಮ್ಮನ್ನ ಪೊಲೀಸರು ‘ವಿಚಾರಣೆ’ ಅಂತ ಕರ್ಕೊಂಡು ಹೋದ್ರು, ಇನ್ನೂ ಬಿಟ್ಟಿಲ್ಲ. ಅರೆಸ್ಟ್ ಆಗಿಲ್ಲ, ಸುಮ್ನೆ ಕೂರಿಸಿದ್ದೀವಿ ಅಂತಾರೆ. 24 ಗಂಟೆ ಇಟ್ಕೊಳ್ಳೋ ಹಕ್ಕು ಪೊಲೀಸರಿಗಿದೆ ಅಂತ ಫಾರ್ವರ್ಡ್ ಬಂದಿದೆ, ನಿಜಾನಾ ಸಾರ್?

ಡಿವೈಎಸ್‌ಪಿ: ಆ ಫಾರ್ವರ್ಡ್ ನಂಬಬೇಡಿ ಅಮ್ಮ. 24 ಗಂಟೆ ಅನ್ನೋದು ಹಿಡಿದವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ದಾಟಬಾರದ ಗಡಿ. ಎರಡು ಗಂಟೆಯಲ್ಲಿ ಕೆಲಸ ಮುಗಿದರೆ ಆಗಲೇ ಕೋರ್ಟಿಗೆ ಒಯ್ಯಬೇಕು. ಕೋರ್ಟಿಗೆ ಒಯ್ಯುವ ಪ್ರಯಾಣದ ಹೊತ್ತನ್ನು ಮಾತ್ರ ಈ ಲೆಕ್ಕದಿಂದ ಬಿಡಬಹುದು. ಎದ್ದು ಹೋಗಲು ಬಿಡದ ಕ್ಷಣದಿಂದಲೇ ಅದು ಬಂಧನ, ಕಾಗದದಲ್ಲಿ ಏನೇ ಬರೆದಿರಲಿ. ಮೋಸ ನಡೆಯುವುದು ಇಲ್ಲೇ: ‘ಇಂದು ಹಿಡಿದೆವು’ ಅಂತ ಅರೆಸ್ಟ್ ಮೆಮೊ (ಬಂಧನದ ದಾಖಲೆ) ಬರೆದರೆ ಇಡೀ ರಾತ್ರಿ ಲೆಕ್ಕದಿಂದಲೇ ಮಾಯ. ಏಟು ಬೀಳುವುದೂ ಆ ಹೊತ್ತಲ್ಲೇ.

ವಕೀಲರನ್ನು ಈಗಲೇ ಠಾಣೆಗೆ ಕಳಿಸಿ. ಕರೆದೊಯ್ದ ಹೊತ್ತು, ಜಾಗ, ಜೀಪಿನ ನಂಬರ್ ಬರೆದು ಎಸ್‌ಪಿಗೆ ಇಮೇಲ್ ಮಾಡಿ. ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಅದರಲ್ಲೇ ಕೇಳಿ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಕರೆತಂದ ಹೊತ್ತು, ಏಟು ಎರಡನ್ನೂ ತಮ್ಮನೇ ಬಾಯಿಬಿಟ್ಟು ಹೇಳಬೇಕು. ಗಡಿ ದಾಟಿದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿಗೆ ತನ್ನಿ ಅನ್ನೋ ಅರ್ಜಿ) ಹಾಕಿಸಿ.

ಕವಿತಾ: ರಾತ್ರಿ ಹೆಂಗಸರನ್ನ ಅರೆಸ್ಟ್ ಮಾಡಬಹುದಾ?

ಡಿವೈಎಸ್‌ಪಿ: ಇಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು ಮಾಡಬೇಕು.

ನಾಗರಾಜ್: ದಾರೀಲಿ ನಿಲ್ಲಿಸಿ ಮೊಬೈಲ್ ಪಾಸ್‌ವರ್ಡ್ ಕೇಳಿದರೆ?

ರವಿ: ಎರಡೇಟು ಬೀಳದೆ ಕಳ್ಳ ಬಾಯಿ ಬಿಡ್ತಾನಾ?

ಶೋಭಾ: ನಿಮ್ಮ ಮಗನಿಗೆ ಬಿದ್ದರೂ ಹೀಗೇ ಹೇಳ್ತೀರಾ?

ರವಿ: ನಮ್ಮನೇಲಿ ಕಳ್ಳರಿಲ್ಲ ಮೇಡಂ.

ಶೋಭಾ: ಲತಾ ಮನೇಲಿ ಕಳ್ಳರಿದ್ದಾರೆ ಅಂತ ನೀವು ಯಾರ್ರೀ ತೀರ್ಪು ಕೊಡೋಕೆ?

ಡಿವೈಎಸ್‌ಪಿ: ರವಿ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಲ್ಲಿ ನಿಲ್ಲುವುದಿಲ್ಲ. ಅದರಿಂದ ಮಾಲು ಸಿಕ್ಕರೆ ಅಷ್ಟು ಭಾಗ ಮಾತ್ರ ಸಾಕ್ಷ್ಯ. ಹೊಡೆದು ಬಾಯಿ ಬಿಡಿಸಿದವನಿಗೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ದಂಡ ಸಂಹಿತೆ) ಕಲಂ 120ರಲ್ಲಿ 7 ವರ್ಷದವರೆಗೆ ಜೈಲು, ಗಾಯ ತೀವ್ರವಾದರೆ 10. ಏಟು ತಾಳಲಾರದವನು ಬಾಯಿಗೆ ಬಂದ ಹೆಸರು ಹೇಳ್ತಾನೆ, ಕಳ್ಳ ಹೊರಗೆ ಆರಾಮಾಗಿರ್ತಾನೆ.

ಮಂಜು: ಸಾರ್, ವಾಟ್ಸ್ಯಾಪ್ ನೋಟಿಸ್…

ಡಿವೈಎಸ್‌ಪಿ: ಮೇಲೆ ಓದಿ.

ಗಿರೀಶ್: ಫಾರ್ವರ್ಡ್: ‘ಎದೆ ಮೇಲೆ ಹೆಸರಿಲ್ಲದ ಪೊಲೀಸ್ ಹಿಡಿದರೆ ತಳ್ಳಿ ಓಡಬಹುದು.’

ಡಿವೈಎಸ್‌ಪಿ: ಅಳಿಸಿ ಅದನ್ನ, ಈಗಲೇ. ಹೆಸರು ಕಾಣಬೇಕು ಅನ್ನೋದು ಬಿಎನ್‌ಎಸ್‌ಎಸ್ ಕಲಂ 36ರಲ್ಲಿದೆ, ಓಡಿ ಅಂತ ಎಲ್ಲೂ ಇಲ್ಲ. ತಳ್ಳಿದರೆ ಇನ್ನೊಂದು ಕೇಸು ಬೀಳುತ್ತೆ, ಬಲ ಪ್ರಯೋಗಕ್ಕೆ ನೀವೇ ಕಾರಣ ಒದಗಿಸಿದಂತೆ. ಇಂಥದ್ದನ್ನ ಹಂಚೋ ಮೊದಲು ಒಮ್ಮೆ ಓದ್ರೀ.

ನಾಗರಾಜ್: ಪಾಸ್‌ವರ್ಡ್ ಬಗ್ಗೆ ಯಾರೂ ಹೇಳಲಿಲ್ಲ.

ಲತಾ: ಸಾರ್, ವಕೀಲರು ಒಳಗಿದ್ದಾರೆ. ಈಗ ಮೆಮೊ ಬರೀತಿದ್ದಾರಂತೆ, ಬೆಳಗ್ಗೆ 11ಕ್ಕೆ ಹಿಡಿದಿದ್ದು ಅಂತ. ಸಾಕ್ಷಿ ಸಹಿ ನನ್ನನ್ನೇ ಕೇಳ್ತಿದ್ದಾರೆ.

ಡಿವೈಎಸ್‌ಪಿ: ‘ನಿನ್ನೆ ಸಂಜೆ 6ಕ್ಕೆ ಕರೆದೊಯ್ದರು’ ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ. ಬರೆಯಲು ಬಿಡದಿದ್ದರೆ ಸಹಿ ಬೇಡ, ಯಾಕೆ ಹಾಕಲಿಲ್ಲ ಅನ್ನೋದನ್ನ ವಕೀಲರು ಅಲ್ಲಿಂದಲೇ ಎಸ್‌ಪಿಗೆ ಕಳಿಸಲಿ.