ರೊಬೊಟಿಕ್ಸ್ ಸ್ನಾತಕೋತ್ತರ ಪದವಿ: ಓದು ಹೇಗಿರುತ್ತದೆ?

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿರುವ ನಾನು ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೊಬೊಟಿಕ್ಸ್ ಓದಬೇಕೆಂದಿದ್ದೇನೆ. ಅಲ್ಲಿ ಓದಿದವರು ದಯವಿಟ್ಟು ಅನುಭವ ತಿಳಿಸುವಿರಾ?

ಉತ್ತರ 1: 1979ರಲ್ಲಿ ಸ್ಥಾಪನೆಯಾದ ಅಲ್ಲಿನ ರೊಬೊಟಿಕ್ಸ್ ಸಂಸ್ಥೆಯಲ್ಲಿ ಎಂ.ಎಸ್.ಆರ್. (ಮಾಸ್ಟರ್ ಆಫ್ ಸೈನ್ಸ್ ಇನ್ ರೊಬೊಟಿಕ್ಸ್) ಪದವಿ ಸಂಶೋಧನೆಗೂ ಎಂ.ಆರ್.ಎಸ್.ಡಿ. (ಮಾಸ್ಟರ್ ಆಫ್ ಸೈನ್ಸ್ ಇನ್ ರೊಬೊಟಿಕ್ ಸಿಸ್ಟಮ್ಸ್ ಡೆವಲಪ್ಮೆಂಟ್) ಪದವಿ ಉದ್ಯಮಕ್ಕೂ ಒತ್ತು ಕೊಡುತ್ತವೆ; ನಾನು ಓದಿದ್ದು ಎರಡನೆಯದನ್ನು. ತರಗತಿಗಿಂತ ಹೆಚ್ಚು ಕಲಿಸಿದ್ದು ತಂಡದ ಪ್ರಾಜೆಕ್ಟ್. ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಲೋಟವನ್ನು ಸಲೀಸಾಗಿ ಎತ್ತುತ್ತಿದ್ದ ರೊಬೊಟ್ ತೋಳು, ಕ್ಯಾಮೆರಾದ ಕ್ಯಾಲಿಬ್ರೇಷನ್ (ಅಳತೆಯ ಹೊಂದಾಣಿಕೆ) ಕೆಲವೇ ಮಿಲಿಮೀಟರ್ ತಪ್ಪಿದರೂ ಪ್ರಯೋಗಾಲಯದ ಮೇಜಿನ ಮೇಲೆ ಅದನ್ನು ಉರುಳಿಸಿಬಿಡುತ್ತಿತ್ತು. ದೋಷ ಸೆನ್ಸರ್‌ನಲ್ಲಿದೆಯೋ, ಕೋಡ್‌ನಲ್ಲಿದೆಯೋ, ಸಡಿಲವಾದ ವೈರಿನಲ್ಲಿದೆಯೋ ಎಂದು ಹುಡುಕುವುದರಲ್ಲೇ ರಾತ್ರಿಗಳು ಕಳೆಯುತ್ತಿದ್ದವು. ಆ ಹುಡುಕಾಟವೇ ಈ ಪದವಿಯ ತಿರುಳು ಎಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ 2: ಹೊರಡುವ ಮೊದಲು ಲೀನಿಯರ್ ಆಲ್ಜೀಬ್ರಾ ಮತ್ತು ಸಂಭವನೀಯತೆಯನ್ನು ಗಟ್ಟಿ ಮಾಡಿಕೊಳ್ಳಿ, ಇವಿಲ್ಲದೆ ಕಾಲ್ಮನ್ ಫಿಲ್ಟರ್ (ಸೆನ್ಸರಿನ ದೋಷವಿರುವ ಅಳತೆಗಳಿಂದ ರೊಬೊಟಿನ ನಿಜವಾದ ಸ್ಥಿತಿಯನ್ನು ಅಂದಾಜಿಸುವ ಗಣಿತ ವಿಧಾನ) ತಲೆಗೆ ಹತ್ತುವುದಿಲ್ಲ.

ಉತ್ತರ 3: ಖರ್ಚಿನ ಚಿಂತೆಯಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೊಬೊಟಿಕ್ಸ್ ಎಂ.ಟೆಕ್. ಅನ್ನೂ ಪರಿಶೀಲಿಸಿ.